ಸ್ತನ ಕ್ಯಾನ್ಸರ್ ತಪಾಸಣೆ ನಿಮ್ಮ ಊರಿನ ಹೆಂಗಸರಿಗೂ ಸಿಗಬೇಕಾ? ಕೆಲಸ ಹೀಗೆ ಶುರು ಮಾಡಿ

"ನಿಮ್ಮ ಎದೆಯನ್ನು ಯಾವತ್ತಾದರೂ ಕ್ಯಾನ್ಸರ್ ತಪಾಸಣೆಗೆ ತೋರಿಸಿದ್ದೀರಾ?" 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಹೆಂಗಸರಿಗೆ ಇಂಥದ್ದೊಂದು ಪ್ರಶ್ನೆ ಇತ್ತು. ಹೌದು ಅಂದವರು ಇಡೀ ದೇಶದಲ್ಲಿ ಶೇ. 0.9 ಮಾತ್ರ. ನೂರಕ್ಕೆ ಒಬ್ಬರೂ ಇಲ್ಲ. ಆದರೆ ಭಾರತದ ಹೆಂಗಸರಿಗೆ ಅತಿ ಹೆಚ್ಚು ಬರುವ ಕ್ಯಾನ್ಸರ್ ಇದೇ. 2022ರ ಅಂದಾಜಿನಂತೆ ಆ ಒಂದೇ ವರ್ಷ 1.92 ಲಕ್ಷ ಹೊಸ ರೋಗಿಗಳು, 98 ಸಾವಿರ ಸಾವು.

ಬೇಗ ಸಿಕ್ಕರೆ ವಾಸಿಯಾಗುವ ಸಾಧ್ಯತೆ ತುಂಬಾ ಇರುವ ಕಾಯಿಲೆ ಇದು. ನಮ್ಮಲ್ಲಿ ತಡವಾಗಿ ಸಿಗುತ್ತೆ. ದುಡ್ಡಿದ್ದವರಿಗೆ ಊರಿನ ಪೇಟೆಯಲ್ಲೇ ಸ್ಕ್ಯಾನಿಂಗ್ ಸೆಂಟರ್ ಇದೆ. ತಾಂಡಾದ ಹೆಂಗಸಿಗೆ, ಹಾಡಿಯ ಹೆಂಗಸಿಗೆ, ಕಾಫಿ ತೋಟದ ಲೈನ್ ಮನೆಯಲ್ಲಿರುವವರಿಗೆ, ಬೆಂಗಳೂರಿನ ಕಟ್ಟಡದ ಶೆಡ್‌ನಲ್ಲಿ ಮಲಗುವ ಯಾದಗಿರಿಯ ಕೂಲಿ ಹೆಣ್ಣಿಗೆ ಆ ದಾರಿ ಇಲ್ಲ. ನೀವು ಸ್ತ್ರೀಶಕ್ತಿ ಸಂಘದವರಿರಬಹುದು, ಆಶಾ ಇರಬಹುದು, ಶಾಲೆಯ ಟೀಚರ್, ಎನ್‌ಎಸ್‌ಎಸ್ ಹುಡುಗಿಯರು, ಕಾರ್ಮಿಕ ಸಂಘದವರು ಇರಬಹುದು. ಆ ದಾರಿ ಮಾಡಿಕೊಡಲು ನೀವು ಡಾಕ್ಟರ್ ಆಗಿರಬೇಕಿಲ್ಲ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿದ್ದರೆ ಸಾಕು.

1. ಮೊದಲು ಕೊನೆಯ ಹೆಜ್ಜೆ ಗೊತ್ತು ಮಾಡಿಕೊಳ್ಳಿ

ಸಾಮಾನ್ಯವಾಗಿ ಎಲ್ಲರೂ ಶಿಬಿರದಿಂದ ಶುರು ಮಾಡುತ್ತಾರೆ. ಶಾಮಿಯಾನ, ಬ್ಯಾನರ್, ಭಾಷಣ, ಊಟ. ಸಂಜೆಯ ಹೊತ್ತಿಗೆ ನಾಲ್ಕು ಹೆಂಗಸರ ಕೈಗೆ "ಜಿಲ್ಲಾ ಆಸ್ಪತ್ರೆಗೆ ತೋರಿಸಿ" ಅಂತ ಒಂದು ಚೀಟಿ ಬರುತ್ತೆ. ಆ ಚೀಟಿ ಹಿಡಿದು ಅವರು ಎಲ್ಲಿಗೆ ಹೋಗಬೇಕು, ಯಾವ ಕೋಣೆ, ಯಾವ ದಿನ, ಯಾರ ಜೊತೆ? ಯಾರೂ ಹೇಳಿರಲ್ಲ. ಚೀಟಿ ಅಕ್ಕಿ ಡಬ್ಬದ ಕೆಳಗೆ ಸೇರುತ್ತೆ. ಆ ಹೆಂಗಸಿಗೆ ಈಗ ಎದೆಯ ಗಂಟಿನ ಜೊತೆ ಭಯವೂ ಇದೆ, ದಾರಿ ಮಾತ್ರ ಇಲ್ಲ. ಇದಕ್ಕಿಂತ ಶಿಬಿರ ಮಾಡದೇ ಇರುವುದೇ ವಾಸಿ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಅದಕ್ಕೇ ಉಲ್ಟಾ ಕಡೆಯಿಂದ ಬನ್ನಿ. ಇಬ್ಬರು ಸೇರಿ ಒಂದು ದಿನ ತಾಲ್ಲೂಕು ಆಸ್ಪತ್ರೆಗೂ ಇನ್ನೊಂದು ದಿನ ಜಿಲ್ಲಾ ಆಸ್ಪತ್ರೆಗೂ ಹೋಗಿ. ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರ್ ನೋಡುವ ಎನ್‌ಸಿಡಿ ಕ್ಲಿನಿಕ್ ಎಲ್ಲಿದೆ ಅಂತ ಕೇಳಿ. ಅಲ್ಲಿ ಈ ಪ್ರಶ್ನೆಗಳನ್ನು ಕೇಳಿ, ಉತ್ತರ ಬರೆದುಕೊಳ್ಳಿ:

- ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಮಷಿನ್ ಇದೆಯಾ? ಈಗ ನಡೆಯುತ್ತಿದೆಯಾ? ಟೆಕ್ನಿಶಿಯನ್ ಯಾವ ದಿನ ಇರುತ್ತಾರೆ? ಚಿತ್ರ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ್ ಯಾರು?
- ಎದೆಯ ಅಲ್ಟ್ರಾಸೌಂಡ್ ಮಾಡುತ್ತಾರಾ? ಬಸುರಿಯರ ಸ್ಕ್ಯಾನಿಂಗ್ ಸಾಲಿನಲ್ಲೇ ನಿಲ್ಲಬೇಕಾ?
- ಬಯಾಪ್ಸಿ (ಪರೀಕ್ಷೆಗೆ ಗಂಟಿನ ಚೂರು) ಇಲ್ಲೇ ತೆಗೆಯುತ್ತಾರಾ, ಮೆಡಿಕಲ್ ಕಾಲೇಜಿಗೆ ಕಳಿಸುತ್ತಾರಾ? ರಿಪೋರ್ಟಿಗೆ ಎಷ್ಟು ದಿನ?
- ಕ್ಯಾನ್ಸರ್ ಅಂತ ಗೊತ್ತಾದರೆ ಎಲ್ಲಿಗೆ ಬರೆದುಕೊಡುತ್ತಾರೆ?

ಕೊನೆಯ ಪ್ರಶ್ನೆಗೆ ಜಾಸ್ತಿ ಸಲ ಸಿಗುವ ಉತ್ತರ ಕಿದ್ವಾಯಿ. 1973ರಲ್ಲಿ ಶುರುವಾದ ಬೆಂಗಳೂರಿನ ಈ ಕ್ಯಾನ್ಸರ್ ಆಸ್ಪತ್ರೆ ರಾಜ್ಯ ಸರ್ಕಾರದ್ದು. ಕಲ್ಯಾಣ ಕರ್ನಾಟಕದವರು ಬೆಂಗಳೂರಿಗೇ ಬರಬೇಕಿಲ್ಲ. ಕಲಬುರಗಿಯಲ್ಲೇ ಕಿದ್ವಾಯಿಯ ಕೇಂದ್ರ ಇದೆ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಇದೆ. ನಿಮ್ಮ ಜಿಲ್ಲೆಗೆ ಯಾವುದು ಹತ್ತಿರ ಅಂತ ಮೊದಲೇ ತಿಳಿದಿರಲಿ.

ವಿಶ್ವ ಆರೋಗ್ಯ ಸಂಸ್ಥೆ ಸ್ತನ ಕ್ಯಾನ್ಸರ್‌ಗೆ ಮೂರು ಗುರಿ ಹಾಕಿತು. ನೂರಕ್ಕೆ 60 ಕ್ಯಾನ್ಸರ್ ಮೊದಲ ಎರಡು ಹಂತದಲ್ಲೇ ಸಿಗಬೇಕು. ಆಸ್ಪತ್ರೆಗೆ ಬಂದ ಮೇಲೆ 60 ದಿನದೊಳಗೆ ಎಲ್ಲ ಪರೀಕ್ಷೆ ಮುಗಿದು ರೋಗ ಏನು ಅಂತ ತಿಳಿಯಬೇಕು. ನೂರಕ್ಕೆ 80 ಜನ ಚಿಕಿತ್ಸೆ ಪೂರ್ತಿ ಮುಗಿಸಬೇಕು. ಮೊದಲನೆಯದು ನಿಮ್ಮ ಒಬ್ಬರ ಕೈಲಿಲ್ಲ. ಎರಡನೆಯದಂತೂ ಬಹುಪಾಲು ನಿಮ್ಮಂಥವರ ಕೈಲೇ ಇದೆ. ಆ 60 ದಿನ ಎಲ್ಲೆಲ್ಲಿ ಸೋರಿ ಹೋಗುತ್ತೆ ಅಂತ ಆಸ್ಪತ್ರೆಯಲ್ಲಿ ಅರ್ಧ ದಿನ ಕೂತರೆ ನಿಮಗೇ ಕಾಣುತ್ತೆ. ಮಷಿನ್ ಮಂಗಳವಾರ ಮಾತ್ರ, ಡಾಕ್ಟರ್ ಶುಕ್ರವಾರ ಮಾತ್ರ. ಹೀಗೆ.

2. ಯಾರು ಬರಲ್ಲ ಅಂತ ಪಟ್ಟಿ ಮಾಡಿ

ಬರುವವರ ಪಟ್ಟಿ ಸುಲಭ. ರಸ್ತೆ ಪಕ್ಕದ ಮನೆಯವರು, ಸಂಘದ ಅಧ್ಯಕ್ಷೆ, ಅಂಗನವಾಡಿಗೆ ಮಗು ಬಿಡಲು ಬರುವ ತಾಯಂದಿರು. ನಿಮಗೆ ಬೇಕಿರುವುದು ಬಾರದವರ ಹೆಸರು.

ಆಶಾ ಜೊತೆ ಕೂತು ಮನೆ ಮನೆ ನೆನಪು ಮಾಡಿಕೊಳ್ಳಿ. 30 ದಾಟಿದವರೆಲ್ಲ ಪಟ್ಟಿಗೆ ಬರಲಿ. ಅವರಲ್ಲಿ 50 ದಾಟಿದವರ ಹೆಸರಿಗೆ ಬೇರೆ ಬಣ್ಣದ ಗುರುತು ಹಾಕಿ. ಇದಕ್ಕೆ ಗಟ್ಟಿ ಕಾರಣ ಇದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಿಂದ ಅಲ್ಲಿನ ಕೊಳೆಗೇರಿಗಳಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿದರು. 35ರಿಂದ 64 ವರ್ಷದ ಒಂದೂವರೆ ಲಕ್ಷ ಹೆಂಗಸರು ಅದರಲ್ಲಿದ್ದರು. ಅರ್ಧದಷ್ಟು ಜನರಿಗೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಎದೆ ಪರೀಕ್ಷೆ ಮಾಡಿದರು. ಮ್ಯಾಮೊಗ್ರಾಮ್ ಇಲ್ಲ, ಬರೀ ಕೈ. 2021ರಲ್ಲಿ ಫಲಿತಾಂಶ ಬಂತು. ಪರೀಕ್ಷೆ ಮಾಡಿಸಿಕೊಂಡವರಲ್ಲಿ ಕ್ಯಾನ್ಸರ್ ಆರಂಭದ ಹಂತದಲ್ಲೇ ಸಿಕ್ಕಿತ್ತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹೆಚ್ಚು ಕಡಿಮೆ ಶೇ. 30 ಇಳಿದಿತ್ತು. 50ಕ್ಕಿಂತ ಚಿಕ್ಕವರಲ್ಲಿ ಸಾವಿನ ಸಂಖ್ಯೆ ಅಷ್ಟಾಗಿ ಇಳಿಯಲಿಲ್ಲ.

ಎರಡು ವಿಷಯ ತಿಳಿಯಿತು ಅಲ್ವಾ. ಒಂದು, ಕೊಳೆಗೇರಿಯಲ್ಲೂ, ದುಬಾರಿ ಮಷಿನ್ ಇಲ್ಲದೆಯೂ ಜೀವ ಉಳಿಸಬಹುದು. ಎರಡು, ಅದರ ಲಾಭ ಜಾಸ್ತಿ ಸಿಗುವುದು 50 ದಾಟಿದವರಿಗೆ. ನಮ್ಮ ಶಿಬಿರಗಳಿಗೆ ಬಾರದೆ ಉಳಿಯುವವರು ಅವರೇ. "ಮುಟ್ಟು ನಿಂತೋಯ್ತು, ಇನ್ನು ನನಗೇನು ಬರುತ್ತೆ" ಅನ್ನುತ್ತಾರೆ. ಸೊಸೆಯನ್ನು ಕಳಿಸಿ ತಾವು ಮೊಮ್ಮಗು ನೋಡಿಕೊಂಡು ಮನೆಯಲ್ಲೇ ಇರುತ್ತಾರೆ. ಅತ್ತೆ ಸೊಸೆ ಇಬ್ಬರನ್ನೂ ಒಟ್ಟಿಗೆ ಕರೆಯಿರಿ. ಮಗು ನೋಡಿಕೊಳ್ಳಲು ಅಂಗನವಾಡಿಯಲ್ಲಿ ಒಬ್ಬರನ್ನು ಕೂರಿಸಿ.

ಆಮೇಲೆ ಊರ ಪಟ್ಟಿಯಲ್ಲೇ ಹೆಸರಿಲ್ಲದವರು. ಬೇರೆ ಜಿಲ್ಲೆಯಿಂದ ಕೂಲಿಗೆ ಬಂದವರು. ಒಬ್ಬಂಟಿ ಹೆಂಗಸರು. ಮಾಜಿ ದೇವದಾಸಿಯರು. ನಡೆಯಲು, ಕೇಳಲು ಕಷ್ಟ ಇರುವವರು. ಮಾನಸಿಕ ಕಾಯಿಲೆ ಇರುವವರು. ಲಿಂಗತ್ವ ಅಲ್ಪಸಂಖ್ಯಾತರು. ಹಾರ್ಮೋನ್ ತೆಗೆದುಕೊಳ್ಳುವ ಟ್ರಾನ್ಸ್ ಮಹಿಳೆಯರೂ, ಎದೆಯ ಆಪರೇಷನ್ ಮಾಡಿಸಿಕೊಳ್ಳದ ಟ್ರಾನ್ಸ್ ಪುರುಷರೂ ಎದೆಯ ಬಗ್ಗೆ ಗಮನ ಇಟ್ಟಿರಬೇಕು. ಇವರಲ್ಲಿ ಒಬ್ಬೊಬ್ಬರ ಮನೆಗೂ ಯಾರು ಹೋಗಬೇಕು ಅಂತ ಹೆಸರಿನ ಮುಂದೆ ಬರೆಯಿರಿ. ಮೈಕಿನಲ್ಲಿ ಕೂಗಿ ಹೇಳಿದರೆ ಇವರು ಬರಲ್ಲ.

3. ಸರ್ಕಾರದಲ್ಲಿ ಇರುವುದನ್ನು ಕೇಳಿ ಪಡೆಯಿರಿ

ಇದು ಬಹಳ ಜನರಿಗೆ ಗೊತ್ತೇ ಇಲ್ಲ. 2016ರಿಂದ ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿಯಲ್ಲೇ ಇದೆ: 30ರಿಂದ 65 ವರ್ಷದ ಪ್ರತಿ ಹೆಂಗಸಿಗೂ 5 ವರ್ಷಕ್ಕೊಮ್ಮೆ, ತರಬೇತಿ ಪಡೆದ ನರ್ಸ್ ಅಥವಾ ಡಾಕ್ಟರ್ ಕೈಯಿಂದ ಎದೆ ಪರೀಕ್ಷೆ ಮಾಡಬೇಕು. ಬಾಯಿ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಇದರ ಜೊತೆಗೇ. ಆಶಾ ಮನೆಗೆ ಬಂದು ಸಿಬ್ಯಾಕ್ ಅನ್ನುವ ಒಂದು ನಮೂನೆ ತುಂಬಬೇಕು. ಎದೆಯಲ್ಲಿ ಗಂಟಿದೆಯಾ, ತೊಟ್ಟಿನಿಂದ ರಕ್ತ ಬರುತ್ತಾ, ಆಕಾರ ಬದಲಾಗಿದೆಯಾ ಅಂತ ಅದರಲ್ಲಿ ಪ್ರಶ್ನೆಗಳಿವೆ. ಕರ್ನಾಟಕದಲ್ಲಿ 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯೂ 30 ದಾಟಿದವರನ್ನು ಮನೆ ಬಾಗಿಲಲ್ಲೇ ತಪಾಸಣೆ ಮಾಡುವ ಕೆಲಸವೇ.

ಅಂದರೆ ನೀವು ಯಾರ ಹತ್ತಿರವೂ ದಯೆ ಬೇಡುತ್ತಿಲ್ಲ. ಹಕ್ಕು ಕೇಳುತ್ತಿದ್ದೀರಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಒಂದು ಪತ್ರ ಬರೆಯಿರಿ. ಇಷ್ಟು ಸಾಕು: "ನಮ್ಮ ಊರಲ್ಲಿ 30ರಿಂದ 65 ವರ್ಷದ ಇಷ್ಟು ಹೆಂಗಸರಿದ್ದಾರೆ. ಪಟ್ಟಿ ಲಗತ್ತಿಸಿದೆ. ಇವರ ಎದೆ ಪರೀಕ್ಷೆಗೆ ತರಬೇತಿ ಪಡೆದ ಸಿಬ್ಬಂದಿಯನ್ನು ಕಳಿಸಿಕೊಡಿ. ಜಾಗ, ಜನ ಸೇರಿಸುವ ಕೆಲಸ ನಮ್ಮದು." ಒಂದು ಪ್ರತಿಯನ್ನು ಗ್ರಾಮ ಪಂಚಾಯ್ತಿಗೆ ಕೊಡಿ. ಇನ್ನೊಂದಕ್ಕೆ ಸ್ವೀಕೃತಿ ಸೀಲ್ ಹಾಕಿಸಿಕೊಂಡು ನೀವು ಇಟ್ಟುಕೊಳ್ಳಿ. ನಗರದಲ್ಲಾದರೆ ಹತ್ತಿರದ ಸರ್ಕಾರಿ 'ನಮ್ಮ ಕ್ಲಿನಿಕ್'‌ಗೋ ನಗರ ಆರೋಗ್ಯ ಕೇಂದ್ರಕ್ಕೋ ಕೊಡಿ.

ನಿಮ್ಮ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ಮತ್ತು ಸಿಸ್ಟರ್ ಇಬ್ಬರಿಗೂ ಈ ಪರೀಕ್ಷೆಯ ತರಬೇತಿ ಆಗಿದೆಯಾ ಅಂತ ಮೆಲ್ಲಗೆ ಕೇಳಿ. ಆಗಿಲ್ಲ ಅಂದರೆ ಅವರ ಮೇಲೆ ರೇಗಬೇಡಿ. ಲಸಿಕೆ, ಹೆರಿಗೆ, ಸಮೀಕ್ಷೆ, ಮೊಬೈಲ್ ಆ್ಯಪ್ ಎಲ್ಲ ಅವರ ತಲೆ ಮೇಲೇ ಇದೆ. ಬದಲಿಗೆ ತರಬೇತಿ ಕೊಡಿಸಿ ಅಂತ ಪತ್ರದಲ್ಲೇ ಒಂದು ಸಾಲು ಸೇರಿಸಿ.

ಖಾಸಗಿ ಕಂಪನಿ, ಕ್ಲಬ್ಬುಗಳವರೂ ತಪಾಸಣೆ ಮಾಡಿಕೊಡುತ್ತೇವೆ ಅಂತ ಬರಬಹುದು. ಮ್ಯಾಮೊಗ್ರಾಮ್ ಇರುವ ವ್ಯಾನ್ ಬಂದರೆ ಒಳ್ಳೆಯದು, ಅದನ್ನು 40 ದಾಟಿದವರಿಗೆ ಬಳಸಿ. ಮೈಯ ಶಾಖ ನೋಡುವ ಕ್ಯಾಮೆರಾ ತಂದು "ಮುಟ್ಟಲ್ಲ, ನೋವಿಲ್ಲ" ಅನ್ನುವವರ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಇದು ಮ್ಯಾಮೊಗ್ರಾಮ್‌ಗೆ ಬದಲಿ ಅಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಪಷ್ಟವಾಗಿ ಎಚ್ಚರಿಸಿದೆ. ಯಾರೇ ಬರಲಿ, ಒಂದೇ ಪ್ರಶ್ನೆ ಕೇಳಿ: "ಅನುಮಾನ ಬಂದವರ ಬಯಾಪ್ಸಿ ಆಗುವವರೆಗೂ ನೀವು ಜೊತೆಗಿರುತ್ತೀರಾ?" ಇಲ್ಲ ಅಂದರೆ ನೀವು ಮೊದಲ ಹೆಜ್ಜೆಯಲ್ಲಿ ಮಾಡಿಕೊಂಡ ದಾರಿ ಸಿದ್ಧ ಇರಬೇಕು.

4. ಮಾತು ಎಲ್ಲಿ ಆಡಬೇಕು, ಹೇಗೆ ಆಡಬೇಕು

ಸ್ತ್ರೀಶಕ್ತಿ ಸಂಘದ ವಾರದ ಸಭೆಗಿಂತ ಒಳ್ಳೆ ಜಾಗ ಇಲ್ಲ. ಗಂಡಸರು ಇರಲ್ಲ, ಎಲ್ಲರೂ ನೆಲದ ಮೇಲೆ ಕೂತಿರುತ್ತಾರೆ, ಉಳಿತಾಯದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಸಿಗುತ್ತೆ. ಉದ್ಯೋಗ ಖಾತ್ರಿ ಕೆಲಸದ ಜಾಗ, ಗಾರ್ಮೆಂಟ್ಸ್‌ನ ಊಟದ ಹೊತ್ತು, ಕಾಫಿ ತೋಟದ ಲೈನ್ ಮನೆಯ ಸಂಜೆ ಕೂಡ ನಡೆಯುತ್ತೆ. ಮನೆಯಲ್ಲಿ ಆಡುವ ಮಾತಿನಲ್ಲೇ ಹೇಳಿ. ತಾಂಡಾದಲ್ಲಿ ಲಂಬಾಣಿ ಮಾತಾಡುವ ಹೆಂಗಸೇ ಹೇಳಲಿ. ತಾಂಡಾದ ಮುಖಂಡರಾದ ನಾಯಕರಿಗೂ ಕಾರಭಾರಿಗೂ ಮೊದಲೇ ವಿಷಯ ತಿಳಿಸಿ. ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತೆ. ಬಿಳಿಗಿರಿರಂಗನ ಬೆಟ್ಟದ ಪೋಡುಗಳಲ್ಲಿ ಸೋಲಿಗ ಹೆಣ್ಣುಮಕ್ಕಳು, ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಜೇನುಕುರುಬರ ಹೆಣ್ಣುಮಕ್ಕಳು ಮುಂದೆ ನಿಂತರೆ ಹೊರಗಿನವರ ಹತ್ತು ಭಾಷಣಕ್ಕಿಂತ ಜಾಸ್ತಿ ಕೆಲಸ ಆಗುತ್ತೆ.

ಏನು ಹೇಳಬೇಕು? ಲಕ್ಷಣ ಮೊದಲು. ಎದೆಯಲ್ಲಿ ಅಥವಾ ಕಂಕುಳಲ್ಲಿ ಗಂಟು. ಬಹಳ ಸಲ ಅದು ನೋಯಲ್ಲ, ನೋವಿಲ್ಲ ಅಂತಲೇ ಸುಮ್ನೆ ಇರುತ್ತಾರೆ. ಚರ್ಮದಲ್ಲಿ ಗುಳಿ ಬೀಳುವುದು, ಕಿತ್ತಳೆ ಸಿಪ್ಪೆಯಂತಾಗುವುದು. ತೊಟ್ಟು ಹೊಸದಾಗಿ ಒಳಗೆ ಸೇರುವುದು. ತೊಟ್ಟಿನಿಂದ ರಕ್ತ. ತೊಟ್ಟಿನ ಸುತ್ತ ಮಾಯದ ಹುಣ್ಣು. ಹಾಲು ಕುಡಿಸುವ ತಾಯಿಗೆ ಎದೆ ಕೆಂಪಾಗಿ ಊದಿ, ಮಾತ್ರೆ ತಗೊಂಡರೂ ಇಳಿಯದಿದ್ದರೆ ಅದನ್ನೂ ಮತ್ತೆ ತೋರಿಸಬೇಕು. ಗಂಡಸರಿಗೂ, ಅಪರೂಪವಾಗಿ, ಈ ಕ್ಯಾನ್ಸರ್ ಬರುತ್ತೆ.

ಪ್ರತಿ ತಿಂಗಳು ಕನ್ನಡಿ ಮುಂದೆ ನಿಂತು ಲೆಕ್ಕ ಹಾಕಿ ಪರೀಕ್ಷೆ ಮಾಡಿಕೊಳ್ಳಿ ಅಂತ ಒತ್ತಾಯ ಬೇಡ. ಶಾಂಘೈನ ಬಟ್ಟೆ ಗಿರಣಿಗಳ 2.66 ಲಕ್ಷ ಹೆಂಗಸರ ಮೇಲೆ ಇದನ್ನು ನೋಡಿದ್ದರು. 2002ರಲ್ಲಿ ಬಂದ ಅದರ ಫಲಿತಾಂಶದಲ್ಲಿ ಕಲಿಸಿದವರಲ್ಲೂ ಕಲಿಸದವರಲ್ಲೂ ಸಾವು ಒಂದೇ ಇತ್ತು. ಕ್ಯಾನ್ಸರ್ ಅಲ್ಲದ ಗಂಟುಗಳಿಗೆ ಬಯಾಪ್ಸಿ ಮಾತ್ರ ಜಾಸ್ತಿ ಆಗಿತ್ತು. ಸ್ನಾನ ಮಾಡುವಾಗ ನಿಮ್ಮ ಎದೆ ಸಾಮಾನ್ಯವಾಗಿ ಹೇಗಿರುತ್ತೆ ಅಂತ ಗೊತ್ತಿರಲಿ, ಬದಲಾದರೆ ತಡ ಮಾಡದೆ ತೋರಿಸಿ. ಇಷ್ಟೇ ಹೇಳಿ.

ಇನ್ನು ಭಯದ ಮಾತುಗಳು. ಎಲ್ಲ ಕಡೆ ಹೆಚ್ಚು ಕಡಿಮೆ ಇವೇ ಬರುತ್ತವೆ.

"ಸೂಜಿ ಚುಚ್ಚಿದರೆ ಹರಡುತ್ತಂತೆ." ಬಯಾಪ್ಸಿಯಿಂದ ಕ್ಯಾನ್ಸರ್ ಹರಡಲ್ಲ. ಬಯಾಪ್ಸಿ ಇಲ್ಲದೆ ಯಾವ ಔಷಧಿ ಕೊಡಬೇಕು ಅಂತ ಡಾಕ್ಟರಿಗೂ ಗೊತ್ತಾಗಲ್ಲ.

"ಗಂಟು ಅಂದ್ರೆ ಕ್ಯಾನ್ಸರ್ರೇ." ಅಲ್ಲ. ಎದೆಯ ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಚಿಕ್ಕ ವಯಸ್ಸಿನ ಹುಡುಗಿಯರಲ್ಲಂತೂ ಬಹುಪಾಲು ನಿರಪಾಯದ ಗಡ್ಡೆಗಳೇ. ಆದರೆ ಯಾವುದು ಹೌದು, ಯಾವುದು ಅಲ್ಲ ಅಂತ ಹೊರಗಿನಿಂದ ಹೇಳಕ್ಕಾಗಲ್ಲ.

"ನಮ್ಮ ವಂಶದಲ್ಲಿ ಯಾರಿಗೂ ಇಲ್ಲ." ಈ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರ ಮನೆಯಲ್ಲಿ ಮೊದಲು ಯಾರಿಗೂ ಇರಲಿಲ್ಲ. ಇನ್ನು ತಾಯಿಗೋ ಅಕ್ಕತಂಗಿಗೋ ಬಂದಿದ್ದರೆ 30 ಆಗಲಿ ಅಂತ ಕಾಯದೆ ಈಗಲೇ ಡಾಕ್ಟರನ್ನು ಕೇಳಬೇಕು.

"ಎದೆ ತೆಗೆದುಬಿಡ್ತಾರೆ." ಚಿಕ್ಕದಿರುವಾಗ ಸಿಕ್ಕರೆ ಗಂಟಿನ ಭಾಗ ಮಾತ್ರ ತೆಗೆದು ಎದೆ ಉಳಿಸುವ ಆಪರೇಷನ್ ಸಾಧ್ಯ ಇರುತ್ತೆ. ತಡ ಮಾಡಿದಷ್ಟೂ ಆ ಅವಕಾಶ ಕಡಿಮೆ.

"ನಾಟಿ ಔಷಧಿ ತಗೋತಿದೀನಿ." ಹೀಗೆ ಹೇಳುವವರನ್ನು ಎಲ್ಲರ ಮುಂದೆ ಬೈಯಬೇಡಿ. ಬೈದರೆ ಮತ್ತೆ ನಿಮ್ಮ ಕಣ್ಣಿಗೇ ಬೀಳಲ್ಲ. "ಆಯ್ತಕ್ಕ, ಆದ್ರೆ ಇದೇನು ಅಂತ ಮೊದಲು ಪರೀಕ್ಷೆಯಲ್ಲಿ ತಿಳ್ಕೊಳೋಣ" ಅನ್ನಿ. ಸೊಪ್ಪು ಅರೆದು ಹಚ್ಚಿ ಗಂಟು ಒಡೆಸಲು ಹೋಗಬೇಡಿ ಅಂತ ಮಾತ್ರ ಖಡಾಖಂಡಿತವಾಗಿ ಹೇಳಿ. ಗಾಯವಾದ ಮೇಲೆ ಚಿಕಿತ್ಸೆ ಬಹಳ ಕಷ್ಟ.

ಯಾರಿಗಾದರೂ ಆಗಲೇ ಗಂಟು ಇದೆ ಅಂತ ಗೊತ್ತಿದ್ದರೆ ಶಿಬಿರದ ದಿನಕ್ಕೆ ಕಾಯಿಸಬೇಡಿ. ಅವರಿಗೆ ಬೇಕಿರುವುದು ತಪಾಸಣೆಯಲ್ಲ, ಆಸ್ಪತ್ರೆ. ಈ ವಾರವೇ ಕರೆದುಕೊಂಡು ಹೋಗಿ.

5. ದಿನ, ಜಾಗ, ಕೋಣೆ

ಅಕ್ಟೋಬರ್ ಬಂದರೆ ಎಲ್ಲೆಲ್ಲೂ ಗುಲಾಬಿ ರಿಬ್ಬನ್. ನೀವು ಕ್ಯಾಲೆಂಡರ್ ನೋಡಿ ತಾರೀಖು ಇಡಬೇಡಿ, ಊರಿನ ದುಡಿಮೆ ನೋಡಿ ಇಡಿ. ಉತ್ತರ ಕರ್ನಾಟಕದ ತಾಂಡಾಗಳಿಂದ ದೀಪಾವಳಿ ಆಸುಪಾಸಿನಲ್ಲಿ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವರು ಬೇಸಿಗೆಗೇ ವಾಪಸ್. ಡಿಸೆಂಬರ್‌ನಿಂದ ಕೊಡಗು, ಚಿಕ್ಕಮಗಳೂರಿನಲ್ಲಿ ಕಾಫಿ ಕೊಯ್ಲು. ಬಿತ್ತನೆ ವಾರದಲ್ಲಿ ಯಾರೂ ಬರಲ್ಲ. ಸಂತೆ ದಿನ ಕೂಲಿ ರಜೆ ಇರುವ ಊರಾದರೆ ಅದೇ ದಿನ ಇಡಿ. ಪೌರಕಾರ್ಮಿಕರಿಗೆ ಮಧ್ಯಾಹ್ನದ ಮೇಲೆ, ಗಾರ್ಮೆಂಟ್ಸ್‌ನವರಿಗೆ ಭಾನುವಾರ.

ಅಂಗನವಾಡಿಯೋ ಶಾಲೆಯೋ ಸಾಕು. ಕೋಣೆಗೆ ಚಿಲಕ ಇರಬೇಕು, ಕಿಟಕಿಗೆ ದಪ್ಪ ಸೀರೆ ಕಟ್ಟಬೇಕು, ಬೆಳಕು ಬೇಕು, ಮಲಗಲು ಒಂದು ಮಂಚ ಅಥವಾ ಎರಡು ಬೆಂಚು, ಕೈ ತೊಳೆಯಲು ನೀರು ಸೋಪು. ಮೆಟ್ಟಿಲು ಹತ್ತುವ ಕೋಣೆ ಬೇಡ. ಪರೀಕ್ಷೆ ಮಾಡುವವರು ಹೆಂಗಸರೇ ಆಗಿರಬೇಕು. ಒಳಗೆ ಫೋನ್ ಬೇಡವೇ ಬೇಡ. ಶಿಬಿರದ ಫೋಟೋ ಪತ್ರಿಕೆಗೆ ಬೇಕು ಅಂತ ಯಾರಾದರೂ ಹಟ ಹಿಡಿದರೆ ಬಾಗಿಲಾಚೆ ಬ್ಯಾನರ್ ಮುಂದೆ ನಿಲ್ಲಿಸಿ ತೆಗೆಸಿ. ಸಾಲಿನಲ್ಲಿ ಕೂತ ಹೆಂಗಸರ ಮುಖ ಅದರಲ್ಲಿ ಬರಬಾರದು.

ಒಬ್ಬೊಬ್ಬರಿಗೂ ಹತ್ತು ನಿಮಿಷ ಇಟ್ಟುಕೊಳ್ಳಿ. ಹಾಗೆ ಲೆಕ್ಕ ಹಾಕಿದರೆ ಒಬ್ಬ ಸಿಸ್ಟರ್ ಐದು ಗಂಟೆಯಲ್ಲಿ 30 ಜನರನ್ನು ನೋಡಬಹುದು. 200 ಜನರನ್ನು ಸೇರಿಸಿ ಒಂದೊಂದು ನಿಮಿಷದಲ್ಲಿ ಮುಗಿಸುವುದು ತಪಾಸಣೆ ಅಲ್ಲ. ಸರಿಯಾದ ಪರೀಕ್ಷೆಯಲ್ಲಿ ಕೂರಿಸಿ ಎರಡೂ ಎದೆ ನೋಡುತ್ತಾರೆ, ಕೈ ಮೇಲೆತ್ತಿಸುತ್ತಾರೆ. ಆಮೇಲೆ ಮಲಗಿಸಿ ಬೆರಳುಗಳ ಒಳಭಾಗದಿಂದ ಮೆಲ್ಲಗೆ, ಸ್ವಲ್ಪ ಒತ್ತಿ, ಇನ್ನೂ ಒತ್ತಿ ನೋಡುತ್ತಾರೆ. ಕಂಕುಳು, ಕೊರಳ ಮೂಳೆ ಮೇಲೆಯೂ ನೋಡುತ್ತಾರೆ. ಇದನ್ನು ಹೆಂಗಸರಿಗೆ ಮೊದಲೇ ಹೇಳಿಬಿಡಿ. ಏನಾಗುತ್ತೆ ಅಂತ ಗೊತ್ತಿದ್ದರೆ ಅರ್ಧ ಮುಜುಗರ ಇಳಿಯುತ್ತೆ. ಬೇಡ ಅಂದವರನ್ನು ಬಲವಂತ ಮಾಡಬೇಡಿ.

6. ಅವತ್ತೇ ಮೂರು ಗುಂಪು ಮಾಡಿ

ಏನೂ ಕಾಣದವರಿಗೆ ಮುಂದಿನ ತಪಾಸಣೆಯ ತಿಂಗಳು ಬರೆದ ಚೀಟಿ ಕೊಡಿ. "ಈಗ ಸರಿ ಇದೆ, ಮಧ್ಯೆ ಏನಾದರೂ ಬದಲಾದರೆ ಕಾಯಬೇಡಿ" ಅಂತ ಬಾಯಲ್ಲೂ ಹೇಳಿ.

ಅನುಮಾನ ಇರುವವರಿಗೆ ಆಸ್ಪತ್ರೆಯ ಹೆಸರು, ಕೋಣೆ, ದಿನ, ಜೊತೆಗೆ ಹೋಗುವವರ ಹೆಸರು ಎಲ್ಲ ಅಲ್ಲೇ ಬರೆದುಕೊಡಿ. ಎರಡು ವಾರ ದಾಟಬಾರದು. ಇವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರಲ್ಲ, ಅದನ್ನು ಸ್ಪಷ್ಟವಾಗಿ ಹೇಳಿ.

ಚರ್ಮ ಒಡೆದ, ಗಟ್ಟಿ ಗಂಟು ಅಂಟಿಕೊಂಡ, ರಕ್ತ ಸೋರುವವರನ್ನು ಅದೇ ವಾರ ಕರೆದುಕೊಂಡು ಹೋಗಿ.

ಹೆಸರುಗಳನ್ನು ಒಂದೇ ಪುಸ್ತಕದಲ್ಲಿ, ಒಬ್ಬರೇ ಇಟ್ಟುಕೊಳ್ಳಲಿ. ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. "ಇವಳಿಗೆ ಕ್ಯಾನ್ಸರ್ ಅಂತೆ" ಅಂತ ಊರೆಲ್ಲ ಹಬ್ಬಿದರೆ ಅವಳ ಮಗಳ ಮದುವೆ ಮಾತು ನಿಲ್ಲುತ್ತೆ. ಮುಂದಿನ ಸಲ ಯಾರೂ ಬರಲ್ಲ. ಹೇಗೆ, ಯಾವಾಗ ಸಂಪರ್ಕ ಮಾಡಬೇಕು ಅಂತ ಅವರನ್ನೇ ಕೇಳಿ. ಗಂಡನ ಫೋನಿಗೆ ಮಾಡಬಹುದಾ ಅಂತಲೂ ಕೇಳಿ.

7. ಜೊತೆಗೆ ಹೋಗಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದು. ಎದೆಯಲ್ಲಿ ಗಂಟು ಇರುವ ಹೆಂಗಸು ಆಸ್ಪತ್ರೆಯ ಬಾಗಿಲವರೆಗೆ ಬಂದು ವಾಪಸ್ ಹೋಗುವುದು ಧೈರ್ಯ ಇಲ್ಲದೆ ಅಲ್ಲ. ಓಪಿಡಿ ಚೀಟಿ ಎಲ್ಲಿ, ಬಿಲ್ಲಿಂಗ್ ಎಲ್ಲಿ, ಎಕ್ಸ್‌ರೇ ಬ್ಲಾಕ್ ಎಲ್ಲಿ ಅಂತ ಕೇಳಿದರೆ ಯಾರೂ ನೆಟ್ಟಗೆ ಹೇಳಲ್ಲ. ಬೋರ್ಡು ಓದಲು ಬರಲ್ಲ. ಮಧ್ಯಾಹ್ನ ಒಂದಕ್ಕೆ ಕೌಂಟರ್ ಮುಚ್ಚುತ್ತೆ. ಅವತ್ತಿನ ಕೂಲಿಯೂ ಹೋಯಿತು, ಕೆಲಸವೂ ಆಗಲಿಲ್ಲ. ಎರಡನೇ ಸಲ ಅವಳು ಯಾಕೆ ಬರುತ್ತಾಳೆ?

ಜೊತೆಗೆ ಹೋಗಲು ಹೆಂಗಸರನ್ನೇ ಆರಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಇಬ್ಬರೂ ಹೆಂಗಸರಾದರೆ ಊರಿಂದ ಕಿದ್ವಾಯಿವರೆಗೂ ಬಸ್ ಖರ್ಚು ಸೊನ್ನೆ. ರಾಜಹಂಸ, ಎಸಿ ಬಸ್ಸಿಗೆ ಇದು ಇಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಲಿ.

ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇವನ್ನು ಹಾಕಿಡಿ: ಆಧಾರ್, ರೇಷನ್ ಕಾರ್ಡ್, ಎರಡರದ್ದೂ ಜೆರಾಕ್ಸ್, ಶಿಬಿರದ ಚೀಟಿ, ಹಳೆಯ ರಿಪೋರ್ಟ್, ಈಗ ತಗೊಳ್ಳುವ ಮಾತ್ರೆಗಳು. ಆಧಾರ್‌ನಲ್ಲೂ ರೇಷನ್ ಕಾರ್ಡ್‌ನಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಈಗಲೇ ನೋಡಿ. ಆಪರೇಷನ್ ಹಿಂದಿನ ದಿನ ಹೆಸರು ತಿದ್ದಿಸಲು ಓಡಾಡುವುದು ಬಹಳ ಸಂಕಟ.

ಮ್ಯಾಮೊಗ್ರಾಮ್ ದಿನ ಎದೆಗೆ, ಕಂಕುಳಿಗೆ ಪೌಡರ್ ಹಾಕಬೇಡಿ. ಚಿತ್ರದಲ್ಲಿ ಚುಕ್ಕೆಯಂತೆ ಕಾಣಬಹುದು. ಮುಟ್ಟಾಗುವವರು ಮುಟ್ಟು ಮುಗಿದ ಮುಂದಿನ ವಾರ ಹೋದರೆ ನೋವು ಕಡಿಮೆ. ಆದರೆ ಗಂಟು ಇದ್ದವರು ಅದಕ್ಕೂ ಕಾಯಬಾರದು. ಎರಡು ಹಲಗೆಗಳ ನಡುವೆ ಎದೆಯನ್ನು ಕೆಲವು ಸೆಕೆಂಡ್ ಒತ್ತುತ್ತಾರೆ, ಅಷ್ಟೇ. ಬಸುರಿ ಇರಬಹುದು ಅನಿಸಿದರೆ ಮೊದಲೇ ಹೇಳಬೇಕು. ಚಿಕ್ಕ ವಯಸ್ಸಿನವರಿಗೆ ಸಾಮಾನ್ಯವಾಗಿ ಅಲ್ಟ್ರಾಸೌಂಡ್ ಮಾಡುತ್ತಾರೆ.

ಹೊರಡುವ ಮುಂಚೆ ಡಾಕ್ಟರಿಗೆ ಮೂರು ಪ್ರಶ್ನೆ ಕೇಳಿ. ಇದು ಏನು ಅಂತ ಪೂರ್ತಿ ತಿಳಿಯಲು ಇನ್ನೇನು ಪರೀಕ್ಷೆ ಬಾಕಿ ಇದೆ? ರಿಪೋರ್ಟ್ ಯಾವತ್ತು, ಯಾರು ಬಂದು ತಗೋಬೇಕು? ಮುಂದಿನ ಸಲ ಯಾವ ಕೋಣೆ? ಗಂಟು ಕೈಗೆ ಸಿಗುತ್ತಿದ್ದೂ ಮ್ಯಾಮೊಗ್ರಾಮ್ ಸರಿ ಇದೆ ಅಂತ ಬಂದರೆ ಅಲ್ಲಿಗೇ ಬಿಡಬೇಡಿ. ಬಯಾಪ್ಸಿ ಬೇಕಾ ಅಂತ ಕೇಳಿ.

8. ದುಡ್ಡಿನ ದಾರಿಗಳು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ. ಎಪಿಎಲ್ ಆದರೆ ನಿಗದಿ ಮಾಡಿದ ಖರ್ಚಿನ ಶೇ. 30, ಕುಟುಂಬಕ್ಕೆ 1.5 ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರೇ ನೋಂದಾಯಿತ ಖಾಸಗಿ ಆಸ್ಪತ್ರೆಗೆ ರೆಫರಲ್ ಬರೆಯಬೇಕು. ರೆಫರಲ್ ಇಲ್ಲದೆ ನೇರ ಖಾಸಗಿಗೆ ಸೇರಿ ಆಮೇಲೆ ದುಡ್ಡು ಕಟ್ಟಲು ಜಮೀನು ಅಡ ಇಟ್ಟವರಿದ್ದಾರೆ. ಗೊಂದಲ ಇದ್ದರೆ 104ಕ್ಕೆ ಫೋನ್ ಮಾಡಿ ಕೇಳಿ.

ಗಾರ್ಮೆಂಟ್ಸ್‌ನಲ್ಲಿ ಇಎಸ್‌ಐ ಕಟ್ಟುತ್ತಿದ್ದರೆ ಆ ದಾರಿಯೇ ಒಳ್ಳೆಯದು. ಚಿಕಿತ್ಸೆಯ ಜೊತೆಗೆ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ ಎರಡು ವರ್ಷದವರೆಗೆ ಸಂಬಳದ ಶೇ. 80 ಕೊಡುವ ಅವಕಾಶ ಅದರಲ್ಲಿದೆ. ಎರಡು ವರ್ಷ ಕೆಲಸದಲ್ಲಿದ್ದು ಸಾಕಷ್ಟು ದಿನದ ವಂತಿಗೆ ಕಟ್ಟಿರಬೇಕು. ಅದಕ್ಕೇ ಕಾಯಿಲೆ ಅಂತ ಗೊತ್ತಾದ ಕೂಡಲೇ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ ಅಂತ ಮೊದಲು ಹೇಳಿ. ಬಹಳ ಜನ ಕೊಟ್ಟುಬಿಡುತ್ತಾರೆ. ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದವರು ಆ ಮಂಡಳಿಯ ವೈದ್ಯಕೀಯ ಸಹಾಯಧನಕ್ಕೂ ಅರ್ಜಿ ಹಾಕಬಹುದು.

ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ. ಜೊತೆಗೆ ಹೋಗುವ ಒಬ್ಬರಿಗೆ ಅವೇ ದರ್ಜೆಯಲ್ಲಿ ಶೇ. 75. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯವರು ಪ್ರಮಾಣಪತ್ರ ಬರೆದುಕೊಡಬೇಕು, ಕೇಳಿ ಪಡೆಯಿರಿ.

ಆದರೂ ಊಟ, ಆಟೋ, ಹೋದ ಕೂಲಿ ಇದ್ದೇ ಇದೆ. ಪ್ರತಿ ಊರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿಯ ಅವಕಾಶ ಇದೆ. ಬಡ ರೋಗಿಯ ಪ್ರಯಾಣಕ್ಕೆ ಅದರಲ್ಲಿ ಕೊಡಬಹುದಾ ಅಂತ ಸಮಿತಿಯ ಸಭೆಯಲ್ಲೇ ಎತ್ತಿ, ನಡಾವಳಿಯಲ್ಲಿ ಬರೆಸಿ. ಬೆಂಗಳೂರಿನಲ್ಲಿ ಉಳಿಯಬೇಕಾದರೆ ಕಿದ್ವಾಯಿ ಆವರಣದ ಧರ್ಮಶಾಲೆಯಲ್ಲಿ ಜಾಗ ಇದೆಯಾ ಅಂತ ಮೊದಲ ದಿನವೇ ವಿಚಾರಿಸಿ.

9. ಚಿಕಿತ್ಸೆ ಮಧ್ಯದಲ್ಲಿ ಬಿಡದಂತೆ ನೋಡಿಕೊಳ್ಳಿ

ಕ್ಯಾನ್ಸರ್ ಅಂತ ಗೊತ್ತಾದ ಹೆಂಗಸಿನ ಮುಂದೆ ಉದ್ದ ದಾರಿ ಇದೆ. ಆಪರೇಷನ್, ಹಲವು ತಿಂಗಳ ಕೀಮೊ, ಕೆಲವು ವಾರ ರೇಡಿಯೇಷನ್. ಕೆಲವರಿಗೆ ಐದು ವರ್ಷ ದಿನಾ ಒಂದು ಮಾತ್ರೆ. ಎಲ್ಲರಿಗೂ ಎಲ್ಲವೂ ಇರಲ್ಲ. ಬಿಟ್ಟುಹೋಗುವವರು ಹೆಚ್ಚಾಗಿ ಎರಡು ಕಡೆ ಬಿಡುತ್ತಾರೆ. ಒಂದು, ಕೀಮೊ ಶುರುವಾಗಿ ಕೂದಲು ಉದುರಿದಾಗ. ಇನ್ನೊಂದು, ಆಪರೇಷನ್ ಆದ ಮೇಲೆ "ಗಂಟು ತೆಗೆದರಲ್ಲ, ಮುಗೀತು" ಅಂತ. ಎರಡೂ ಹೊತ್ತಿನಲ್ಲಿ ಅವರ ಮನೆಗೆ ಹೋಗಿ. ಗಂಡನ ಜೊತೆ, ಮಗನ ಜೊತೆ ಕೂತು ಮಾತಾಡಿ. ಕೂದಲು ಮತ್ತೆ ಬರುತ್ತೆ, ಕಾಯಿಲೆ ಮುಟ್ಟಿದರೆ ಅಂಟಲ್ಲ, ಒಂದೇ ತಟ್ಟೆಯಲ್ಲಿ ಉಣ್ಣಬಹುದು ಅಂತ ಬಿಡಿಸಿ ಹೇಳಿ. ಕೀಮೊ ನಡುವೆ ಜ್ವರ ಬಂದರೆ ಊರಿನ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮಲಗಬಾರದು. ಅದು ತುರ್ತು, ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆ ಮುಗಿಸಿದ ಹೆಂಗಸು ಒಪ್ಪಿದರೆ ಮುಂದಿನ ಸಭೆಯಲ್ಲಿ ಅವರೇ ಮಾತಾಡಲಿ. ಒಪ್ಪದಿದ್ದರೆ ಮತ್ತೆ ಕೇಳಬೇಡಿ.

ಪುಸ್ತಕದಲ್ಲಿ ಅನುಮಾನದ ಗುಂಪಿನ ಪ್ರತಿ ಹೆಸರಿನ ಮುಂದೆ ಐದು ಕಲಂ ಎಳೆಯಿರಿ: ಡಾಕ್ಟರ್ ನೋಡಿದ ದಿನ, ಸ್ಕ್ಯಾನ್ ಆದ ದಿನ, ಬಯಾಪ್ಸಿ ರಿಪೋರ್ಟ್ ಬಂದ ದಿನ, ಚಿಕಿತ್ಸೆ ಶುರುವಾದ ದಿನ, ಮುಗಿದ ದಿನ. ತಿಂಗಳಿಗೊಮ್ಮೆ ಆಶಾ, ಸಿಸ್ಟರ್ ಮತ್ತು ನೀವು ಕೂತು ಖಾಲಿ ಕಲಂ ಇರುವ ಹೆಸರುಗಳನ್ನು ಓದಿ, ಯಾರ ಮನೆಗೆ ಯಾರು ಹೋಗುತ್ತೀರಿ ಅಂತ ಹಂಚಿಕೊಳ್ಳಿ. ಆಶಾ ಬದಲಾದರೆ, ನೀವು ಊರು ಬಿಟ್ಟರೆ, ಪುಸ್ತಕವನ್ನು ಸಿಸ್ಟರ್ ಕೈಗೆ ಕೊಟ್ಟು ಆ ಹೆಸರುಗಳನ್ನು ಒಂದೊಂದಾಗಿ ವಿವರಿಸಿ ಹೊರಡಿ.